ಥಂಡಿ ಖೋಲಿಯಲ್ಲಿ ಕೂತ ಅಳಿಯ

ಚಿಂತೆ ಮಾಡುವುದಕ್ಕೆ ನನಗೆ ಯಾರೂ ಸಂಬಳ ಕೊಡುವುದಿಲ್ಲ. ಆದರೂ ಆ ಕೆಲಸಕ್ಕೆ ನಾನು ಒಂದು ದಿನವೂ ರಜೆ ಹಾಕಿದವನಲ್ಲ. ಅಥಣಿ ರಸ್ತೆಯ ನಮ್ಮ ಮನೆಗೆ ಬೀಗ ಜಡಿದು, ಲೇಔಟಿನ ತಿರುವಿನವರೆಗೆ ಹೋಗಿ, ಗಾಡಿ ತಿರುಗಿಸಿಕೊಂಡು ಬಂದು ಬೀಗವನ್ನು ಇನ್ನೊಮ್ಮೆ ಜಗ್ಗಿ ನೋಡುತ್ತೇನೆ. ಎದುರು ಮನೆಯವರು ಮೊದಮೊದಲು "ಏನಾರ ಮರತ್ರೇನ್ರಿ?" ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ನಾನು ತಿರುಗಿ ಬಾರದ ದಿನವೇ ಅವರಿಗೆ ಗಾಬರಿಯಾಗುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಇಂಥ ಮನುಷ್ಯನ ಕೈಗೆ ಸೊಲ್ಲಾಪುರ ರಸ್ತೆಯ ಒಂದು ಕೋಲ್ಡ್ ಸ್ಟೋರೇಜಿನ ಉಸ್ತುವಾರಿ ಸಿಕ್ಕಿ ಬಹಳ ವರ್ಷಗಳಾದವು. ನಮ್ಮಲ್ಲಿ ಇಡುವುದು ಒಣದ್ರಾಕ್ಷಿ. ತಿಕೋಟಾ, ಬಬಲೇಶ್ವರ ಕಡೆಯ ರೈತರು ಬೇಸಿಗೆಯಲ್ಲಿ ದ್ರಾಕ್ಷಿ ಒಣಗಿಸಿ ಡಬ್ಬಿ ಕಟ್ಟುತ್ತಾರೆ. ಎರಡೂ ಊರಲ್ಲಿ ನಮ್ಮದೊಂದೊಂದು ಗೋದಾಮು ಇದೆ. ಅಲ್ಲಿಗೆ ಬಂದ ಮಾಲು ಲಾರಿ ಹತ್ತಿ ವಿಜಯಪುರಕ್ಕೆ ಬರುತ್ತದೆ, ನಾಲ್ಕು ಥಂಡಿ ಖೋಲಿಗಳಲ್ಲಿ ಮಾಳಿಗೆ ಮುಟ್ಟುವ ಹಾಗೆ ಒಂದರ ಮೇಲೊಂದು ಥಪ್ಪಿ ಬೀಳುತ್ತದೆ. ಡಬ್ಬಿಗಳೆಲ್ಲ ನೋಡಲು ಒಂದೇ ಥರ. ಯಾರ ಡಬ್ಬಿ ಯಾವ ಖೋಲಿಯ ಯಾವ ಗೋಡೆಗಿದೆ ಎಂಬುದು ಗೊತ್ತಿದ್ದರೆ ನಮ್ಮದು ಕೋಲ್ಡ್ ಸ್ಟೋರೇಜ್. ಗೊತ್ತಿಲ್ಲದಿದ್ದರೆ ಬರೀ ದೊಡ್ಡದೊಂದು ಫ್ರಿಜ್ಜು.

ಆ ಗೊತ್ತು ಬಹಳ ಕಾಲ ಒಬ್ಬನೇ ಮನುಷ್ಯನ ತಲೆಯಲ್ಲಿತ್ತು. ಅವನು ನಮ್ಮ ಹಮಾಲರ ಮುಖಂಡ, ಮುಕಾದಮ. ಕಾಖಂಡಕಿಯವನು, ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಕೆಲಸಕ್ಕೆ ಸೇರಿದ ದಿನ ನಡುಗುತ್ತ ನಿಂತಿದ್ದಾಗ ತನ್ನ ದಪ್ಪ ಕೋಟನ್ನು ಬಿಚ್ಚಿ ನನಗೆ ತೊಡಿಸಿ, "ಹಾಕ್ಕೋ ತಮ್ಮಾ, ಈ ಥಂಡಿ ಹೊಟ್ಟಿಯೊಳಗ ಹೊಕ್ರ ಹೊರಗ ಬರೂದಿಲ್ಲ" ಎಂದಿದ್ದ. ಅಂದಿನಿಂದ ನಾನು ಅವನಿಗೆ ತಮ್ಮ, ಅವನು ನನಗೆ ಕಾಕಾ. "ಕಾಕಾ, ತಿಕೋಟಾದ ಆ ಉದ್ದ ಮೀಸಿಯವರ ಮಾಲು?" ಎಂದು ಕೇಳಿದರೆ, ಬಾಯಲ್ಲಿದ್ದ ತಂಬಾಕು ಪಕ್ಕಕ್ಕೆ ಸರಿಸಿ, "ನಾಕನೇದರಾಗ, ಎಡಗ್ವಾಡಿಗೆ, ತಳದಾಗ. ಮೀಸಿಗಿಂತ ಮಾಲೇ ಚಲೋ ಐತಿ" ಎನ್ನುತ್ತಿದ್ದ. ಹೋಗಿ ನೋಡಿದರೆ ಅಲ್ಲೇ ಇರುತ್ತಿತ್ತು.

ನನಗೆ ಅದೇ ಚಿಂತೆ. ನಾಳೆ ಇವನು ಜಾರಿ ಬಿದ್ದರೆ? ಇವನಿಗೆ ಮರೆವು ಬಂದರೆ? ಒಂದು ವ್ಯಾಪಾರವೆಲ್ಲ ಒಂದು ತಲೆಯಲ್ಲಿರುವುದು ಸರಿಯಲ್ಲ ಎಂದು ನಾನೇ ನಮ್ಮ ಮಾಲೀಕರು, ಸಾವಕಾರರ ಬೆನ್ನು ಹತ್ತಿದೆ. ಊರಿನ ಒಂದು ಕಂಪ್ಯೂಟರ್ ಕಂಪನಿಯಿಂದ ಒಬ್ಬ ಹೆಣ್ಣುಮಗಳು ಬಂದರು. ಮೂವತ್ತರ ಆಸುಪಾಸಿನವರು. ಚಹಾ ಕುಡಿಯುವಷ್ಟರಲ್ಲಿ ನಮ್ಮ ಧಂದೆ ಪೂರಾ ತಿಳಿದುಕೊಂಡರು.

"ನಿಮಗ ಸ್ವಂತ ಮಶೀನ್ ಬ್ಯಾಡ್ರಿ ಸರ್, ಕ್ಲೌಡ್ ತಗೋರಿ" ಎಂದರು. "ಸರ್ವರ್ ದೂರದಾಗ, ದೊಡ್ಡ ಕಟ್ಟಡದಾಗ ಇರ್ತೈತಿ. ನೋಡ್ಕೊಳ್ಳಾಕ ಅಲ್ಲೇ ಮಂದಿ ಇರ್ತಾರ. ನಿಮ್ಮ ಮಾಹಿತಿ ಎರಡ್ಮೂರು ಕಡೆ ನಕಲಾಗಿ ಕುಂಡ್ರತೈತಿ. ಒಂದು ಕೆಟ್ರ ಇನ್ನೊಂದು. ತಿಕೋಟಾದವ್ರು ಬರದದ್ದು ಇಲ್ಲಿ ಆಗಿಂದಾಗ ಕಾಣ್ತೈತಿ, ಬಬಲೇಶ್ವರದಾಗೂ ಕಾಣ್ತೈತಿ. ಫೋನ್ ಮಾಡಿ ಕೇಳೂ ಗರಜಽ ಇಲ್ಲ."

ನಾನು ತಕರಾರುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡೇ ಕೂತಿದ್ದೆ. ನೆಟ್ ಹೋದರೆ? ವೈರು ಹರಿದರೆ? ಆ ದೂರದ ಕಟ್ಟಡಕ್ಕೆ ಬೆಂಕಿ ಬಿದ್ದರೆ? ಅಲ್ಲಿನ ಮಂದಿ ನಮ್ಮದನ್ನು ತೆರೆದು ನೋಡಿದರೆ? ಅವರು ಪ್ರತಿಯೊಂದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟರು. ಕೊನೆಗೆ ನಾನು, "ನಮ್ಮದು ಅಂಬೂದು ನಮ್ಮ ಕಣ್ಣ ಮುಂದ ಇರಬೇಕ್ರಿ ಮೇಡಂ" ಎಂದೆ.

ಅವರು ನಕ್ಕರು. "ರೈತರು ಹಂಗಽ ಅಂದ್ರ ನಿಮ್ಮ ಗತಿ ಏನ್ರಿ ಸರ್? ಅವ್ರ ಮಾಲೂ ಅವ್ರ ಕಣ್ಣ ಮುಂದ ಇಲ್ಲಲ್ಲ. ನಿಮ್ಮನ್ನ ನಂಬಿ ಇಲ್ಲಿ ಇಟ್ಟಾರ."

ಬೇರೆಯವರ ಮಾಲನ್ನು ನಾವು ಎಷ್ಟರ ಮಟ್ಟಿಗೆ ಕಾಪಾಡುತ್ತೇವೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತಲ್ಲ, ಅದಕ್ಕೇ ನಂಬಿಕೆ ಬರಲಿಲ್ಲ. ಸಾವಕಾರರು ನನ್ನ ಮುಖ ನೋಡಿ, "ಇವ್ರಿಗೆ ನಿದ್ದಿ ಹತ್ತಬೇಕಲ್ರಿ ಮೇಡಂ, ಸ್ವಂತ ಮಶೀನಽ ಹಾಕ್ರಿ" ಎಂದುಬಿಟ್ಟರು.

ಮಶೀನು ಬಂತು. ಎಲ್ಲಿಡುವುದು? ನಮ್ಮೂರ ಬೇಸಿಗೆಯಲ್ಲಿ ನನ್ನ ಕ್ಯಾಬಿನ್ನಿನ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಕಂಪ್ಯೂಟರಿಗೆ ಥಂಡಿ ಬೇಕು ಎಂದು ಆ ಮೇಡಂ ಹೇಳಿದ್ದರು. ಏಸಿ ಹಾಕಿಸಬೇಕು ಎಂದೂ ಹೇಳಿದ್ದರು. ನನಗೆ ನಗು ಬಂತು. ಇಡೀ ತಾಲೂಕಿಗೆ ಥಂಡಿ ಒದಗಿಸುವವರು ನಾವು, ನಮಗೇಕೆ ಏಸಿ? ಎರಡನೇ ಖೋಲಿಯ ಬಾಗಿಲಿಗೂ ಹೊರಬಾಗಿಲಿಗೂ ನಡುವೆ ಒಂದು ಸಣ್ಣ ಪಡಸಾಲೆಯಿದೆ. ಸದಾ ತಂಪು, ಕಿಟಕಿಯಿಲ್ಲ, ಬೀಗ ಗಟ್ಟಿ. ಅಲ್ಲಿ ಮೇಜು ಹಾಕಿಸಿ ಮಶೀನನ್ನು ಕೂರಿಸಿದೆ. ನಕಲು ಇರಲಿ ಎಂದು ಅದರ ಬೆನ್ನಿಗೇ ಒಂದು ಡಿಸ್ಕು ಚುಚ್ಚಿಟ್ಟೆ. ಇನ್ನೊಂದು ನಕಲನ್ನು ಪೆನ್ ಡ್ರೈವಿನಲ್ಲಿ ತುಂಬಿಕೊಂಡು ಮನೆಗೆ ಒಯ್ದು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟೆ. ಆ ರಾತ್ರಿ ಚೆನ್ನಾಗಿ ನಿದ್ದೆ ಹತ್ತಿತು. ಇಂಥ ನಿದ್ದೆಯ ಮೇಲೆ ನನಗೆ ಸಂಶಯ ಬರಬೇಕಿತ್ತು.

ಮುಕಾದಮ ಪಡಸಾಲೆಗೆ ಬಂದು ಮಶೀನನ್ನು ಸುತ್ತು ಹಾಕಿ ನೋಡಿದ. "ಇವ ನಮ್ಮ ಅಳಿಯ ಇದ್ದಂಗ ಅದಾನಲ್ಲೋ ತಮ್ಮಾ. ತಂಪಿನ್ಯಾಗ ಕುಂಡ್ರತಾನ, ಒಂದು ಡಬ್ಬೀನೂ ಎತ್ತೂದಿಲ್ಲ, ಎಲ್ಲಾರೂ ಇವನ್ನಽ ಕೇಳಬೇಕು." ಅಂದಿನಿಂದ ಅದರ ಹೆಸರು ಅಳಿಯ. ಬೆಳಿಗ್ಗೆ ಹಮಾಲರು ಒಳಗೆ ಹೋಗುವಾಗ "ಅಳಿಯಂದ್ರು ಎದ್ದಾರೇನು?" "ಕಂಬಳಿ ಹೊಚ್ಚೀರಿಲ್ಲೋ?" ಎಂದು ಕೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಈಗ ನನ್ನ ಒಂದು ಚಟ ಹೇಳಬೇಕು. ಸುಗ್ಗಿಯಲ್ಲಿ ದಿನಕ್ಕೆ ಎಷ್ಟೋ ಲಾರಿ ಬರುತ್ತವೆ. ಸಂಜೆಯ ಹೊತ್ತಿಗೆ ಬರೆಯುವುದು ಉಳಿದುಬಿಟ್ಟರೆ ಎಂಬ ಭಯಕ್ಕೆ ನಾನು ಮುಂಜಾನೆಯೇ, ಲಾರಿ ಬರುವ ಮೊದಲೇ, ಯಾವ ಮಾಲು ಯಾವ ಖೋಲಿಗೆ ಹೋಗಬೇಕೆಂದು ಯೋಚಿಸಿ ಅದನ್ನೇ ನಮೂದಿಸಿಬಿಡುತ್ತಿದ್ದೆ. ಮಧ್ಯಾಹ್ನ ಬದಲಾದರೆ ತಿದ್ದಿದರಾಯಿತು. ಮುಕಾದಮನಿಗೆ ಇದು ಗೊತ್ತಿತ್ತು. "ಕೂಸು ಹುಟ್ಟೂದ್ರಾಗ ನೀ ಸಾಲಿಗೆ ಹೆಸರು ಹಚ್ಚಿ ಬರಾಂವ" ಎಂದು ಕಿಚಾಯಿಸುತ್ತಿದ್ದ.

ಆ ವರ್ಷ ಯುಗಾದಿ ಕಳೆದು ಕೆಲವು ದಿನಕ್ಕೆ ತಿಕೋಟಾ ಕಡೆಯಿಂದ ಒಬ್ಬ ರೈತ ಹೆಣ್ಣುಮಗಳ ಅರವತ್ತು ಡಬ್ಬಿ ಬಂದವು. ಅಷ್ಟು ಒಳ್ಳೆಯ ಬಣ್ಣದ ಮಾಲು ಆ ಸಲ ಬೇರೆ ಯಾರದೂ ಬಂದಿರಲಿಲ್ಲ. ಮುಂಜಾನೆಯೇ ನಾನು ಅದಕ್ಕೆ ಮೂರನೇ ಖೋಲಿ ಎಂದು ಬರೆದಾಗಿತ್ತು. ಮಧ್ಯಾಹ್ನ ಲಾರಿ ಬಂದಾಗ ಮೂರನೇದರ ಫ್ಯಾನು ಕೆಟ್ಟಿತ್ತು. ನಾನು ಬಬಲೇಶ್ವರದ ಗೋದಾಮಿನ ಗುಮಾಸ್ತನ ಜೊತೆ ಫೋನಿನಲ್ಲಿದ್ದೆ. ಯಾವ ಲಾಟಿನ ಎಷ್ಟು ಡಬ್ಬಿ ಲಾರಿ ಹತ್ತಿದವೆಂದು ಅವನು ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಮುಕಾದಮ ಬಾಗಿಲಲ್ಲಿ ನಿಂತು, "ತಮ್ಮಾ, ತಿಕೋಟಾದ ಆ ಹೆಣ್ಮಗಳ ಮಾಲು ಒಂದರಾಗ ಹಾಕೇನಿ, ತಿದ್ದಿಕೋ" ಎಂದ. ಫೋನು ಕಿವಿಗಿಟ್ಟುಕೊಂಡೇ ನಾನು ತಲೆ ಅಲ್ಲಾಡಿಸಿದೆ.

ತಿದ್ದಲಿಲ್ಲ.

ಅದಾದ ಮೇಲೆ ಒಂದನೇ ಖೋಲಿಗೆ ಮಾಲು ಬಂದು ಬಂದು ಬಾಗಿಲವರೆಗೆ ಥಪ್ಪಿ ತುಂಬಿತು. ನಾಗರ ಅಮಾಸಿಯ ಹಿಂದಿನ ದಿನ ಆ ಹೆಣ್ಣುಮಗಳು ಮಾಲು ನೋಡುವ ವ್ಯಾಪಾರಿಯನ್ನು ಕರೆದುಕೊಂಡು ಬಂದಳು. ಸಾವಕಾರರೂ ಇದ್ದರು. ನಾನು ಕಂಪ್ಯೂಟರ್ ನೋಡಿ ಮೂರನೇ ಖೋಲಿ ತೆಗೆಸಿದೆ. ಅಲ್ಲಿ ಅವಳ ಒಂದು ಡಬ್ಬಿಯೂ ಇರಲಿಲ್ಲ.

"ಮೂರರಾಗ ಏನ ಹುಡಕಾಕತ್ತೀರಿ?" ಎನ್ನುತ್ತ ಮುಕಾದಮ ಬಂದ. "ಒಂದರಾಗ ಅದಾವ. ಹಿಂದಿನ ಗ್ವಾಡಿಗೆ, ಬಲಕ್ಕ. ನಾನಽ ನಿಂತು ಥಪ್ಪಿ ಹಚ್ಚಿಸೇನಿ."

"ಕಂಪ್ಯೂಟರ್ ಮೂರು ಅನ್ನಾಕತ್ತೈತಲ್ಲ?" ಎಂದರು ಸಾವಕಾರರು.

"ಅಳಿಯಾಗ ಏನ ಗೊತ್ತೈತ್ರಿ ಸಾವಕಾರ್ರ? ಅವ ಬಂದು ಡಬ್ಬಿ ಹೊತ್ತಾನೇನು? ಹೇಳಿದ್ದು ಬರಕೊಂಡು ಕುಂತಾನ."

ಸಾವಕಾರರು ನನ್ನ ಕಡೆ ತಿರುಗಿದರು. "ಏನ್ರಿ, ಯಾರ ಮಾತು ಖರೇ?"

ಆ ತಲೆ ಅಲ್ಲಾಡಿಸಿದ್ದು ನನಗೆ ಮನೆಗೆ ಹೋದ ಮೇಲೆ ನೆನಪಾಯಿತು ಎಂದು ಬರೆಯಲು ಆಸೆಯಿದೆ. ಹಾಗಲ್ಲ. ಅಲ್ಲೇ, ಅದೇ ಕ್ಷಣಕ್ಕೆ ನೆನಪಾಯಿತು. ಬಾಗಿಲಲ್ಲಿ ನಿಂತ ಮುಕಾದಮ, ಕಿವಿಯಲ್ಲಿದ್ದ ಫೋನು, ಎಲ್ಲ. ಆದರೆ ಒಂದು ತಲೆಯನ್ನು ನಂಬಬಾರದು ಎಂದು ಸಾವಕಾರರಿಗೆ ಎರಡು ವರ್ಷ ಪಾಠ ಹೇಳಿ ಮಶೀನು ತರಿಸಿದವನು ನಾನು. "ಕಂಪ್ಯೂಟರಿನ್ಯಾಗ ಮೂರು ಅಂತಽ ಐತ್ರಿ" ಎಂದೆ. ನೋಡಿ, ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

"ಒಂದನೇದು ಪೂರಾ ತಗಸಾಕ ಎರಡು ದಿನ ಬೇಕು" ಎಂದರು ಸಾವಕಾರರು. "ಬಾಗಲಾ ತಗದು ಕುಂತ್ರ ಉಳದವ್ರ ಮಾಲೆಲ್ಲಾ ಬಣ್ಣಗೆಡ್ತೈತಿ. ಅರವತ್ತು ಡಬ್ಬಿ, ಕಾಕಾ. ರೆಕ್ಕಿ ಬಂದು ಹಾರಿ ಹೋದ್ವೇನು?"

"ನನ್ನ ಮ್ಯಾಲೆ ಅನ್ನಾಕತ್ತೀರೇನ್ರಿ?"

"ನಾ ಏನೂ ಅಂದಿಲ್ಲ."

ಅಂದದ್ದು ಅಲ್ಲಿದ್ದ ಹಮಾಲರಿಗೆಲ್ಲ ಕೇಳಿಸಿತ್ತು. ಆ ಹೆಣ್ಣುಮಗಳು ಮಾತ್ರ, "ಅವ್ರು ಅಂಥವ್ರಲ್ರಿ, ಇಳಿಸೂ ಮುಂದ ನಾನೂ ಇದ್ನಿ" ಎಂದಳು. ವ್ಯಾಪಾರಿ ಗಡಿಯಾರ ನೋಡಿಕೊಳ್ಳುತ್ತಿದ್ದ. ಅವಳ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಸಂಜೆ ಐದರ ಹೊತ್ತಿಗೆ ಮುಕಾದಮ ನನ್ನ ಕ್ಯಾಬಿನ್ನಿಗೆ ಬಂದ. ಅವನ ಮುಖದಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಅದೇ ಕೆಟ್ಟದ್ದು.

"ತಮ್ಮಾ, ನೀ ಬರಿಯೂದಕ್ಕೆಲ್ಲಾ ಟೈಮ್ ಬಿದ್ದಿರ್ತೈತಿ ಅಂತ ಆ ಕಂಪ್ಯೂಟರ್ ಮೇಡಂ ಹೇಳಿದ್ರಲ್ಲ, ಅದನ್ನ ತಗಿ. ಲಾರಿ ಬಂದದ್ದು ಮಧ್ಯಾನ್ಹ. ಗೇಟಿನ ವಹಿಯೊಳಗ ಬರದೈತಿ. ನೀ ಮೂರು ಅಂತ ಬರದದ್ದು ಮುಂಜಾನೆ ಇದ್ರ ಮುಗೀತಲ್ಲ? ಮಾಲು ಬರೂದ್ರಾಗ ಬರದದ್ದು ಅಂತ ಸಾವಕಾರ್ರಿಗೆ ತಿಳೀತೈತಿ. ನಿನಗೇನು, ಒಂದು ಬೈಗಳ ಬೀಳ್ತೈತಿ. ನನ್ನ ಹೆಸರು ಉಳೀತೈತಿ."

"ನಾಳೆ ಅಮಾಸಿ ಕಾಕಾ, ನಾಡದ ನೋಡೂನು."

"ಈಗಽ ನೋಡು. ಎಷ್ಟೊತ್ತಾಗ್ತೈತಿ?"

"ಭಾಳ ಹೊತ್ತು ಹಿಡೀತೈತಿ."

ಎರಡು ನಿಮಿಷ ಹಿಡಿಯುತ್ತಿತ್ತು. ಅವನಿಗೆ ಅದು ಗೊತ್ತಿರಲಿಲ್ಲ. ಬೈಗಳಕ್ಕೆ ಮೈ ಗಟ್ಟಿ ಮಾಡಿಕೊಳ್ಳಲು ನನಗೊಂದು ದಿನ ಬೇಕಿತ್ತು, ಅಷ್ಟೇ. ನಾಡಿದ್ದು ಖಂಡಿತ ತೋರಿಸುತ್ತೇನೆ ಎಂದೇ ಅಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ಅಮಾಸಿಗೆ ಹಮಾಲರು ಕೆಲಸ ಮುಟ್ಟುವುದಿಲ್ಲ, ಅಂಗಳವೆಲ್ಲ ಬಂದ್. ರಜೆಯಲ್ಲಿ ಏನಾದರೂ ಶಾರ್ಟ್ ಆಗಿ ಸುಟ್ಟರೆ ಎಂಬ ಚಿಂತೆಗೆ ನಾನು ಅಳಿಯನನ್ನು ಆರಿಸಿ, ಪ್ಲಗ್ಗನ್ನೂ ಕಿತ್ತು, ಎರಡು ಸಲ ಬೀಗ ಜಗ್ಗಿ ಮನೆಗೆ ಹೋದೆ. ಒಂದು ಹಗಲು, ಎರಡು ರಾತ್ರಿ ಮಶೀನು ಆ ಥಂಡಿಯಲ್ಲಿ ತಣ್ಣಗೆ ಕೂತಿತು. ಮೂರನೆಯ ಬೆಳಿಗ್ಗೆ ಹೊರಗೆ ಜಿಟಿಜಿಟಿ ಮಳೆ. ಹಮಾಲರು ಹೊರಬಾಗಿಲು ತೆರೆದಿಟ್ಟು ಒಳಗೆ ಹೊರಗೆ ಓಡಾಡುತ್ತಿದ್ದರು. ಹಸಿಗಾಳಿ ಪಡಸಾಲೆಯೊಳಗೆ ನುಗ್ಗಿತ್ತು. ಫ್ರಿಜ್ಜಿನಿಂದ ತೆಗೆದಿಟ್ಟ ತಂಬಿಗೆಯ ಮೇಲೆ ನೀರು ಕೂರುತ್ತದಲ್ಲ, ಹಾಗೆ ಮಶೀನಿನ ಮೈಮೇಲೆ, ಒಳಗೆ, ಬೆನ್ನಿನ ಡಿಸ್ಕಿನ ಮೇಲೆ ನೀರು ಕೂತಿತ್ತು. ನಾನು ಒಳಗಿನದನ್ನು ನೋಡಲಿಲ್ಲ. ಮೇಲಿನದನ್ನು ಕರವಸ್ತ್ರದಿಂದ ಒರೆಸಿ ಸ್ವಿಚ್ಚು ಒತ್ತಿದೆ. ಟಪ್ ಎಂದಿತು. ಸುಟ್ಟ ವಾಸನೆ ಬಂತು.

ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಸಾವಿರಾರು ವಿಷಯಕ್ಕೆ ಚಿಂತೆ ಮಾಡಿದವನು ನಾನು. ಆ ಟಪ್ ಕೇಳಿದಾಗ ಮೊದಲು ಬಂದದ್ದು ಚಿಂತೆಯಲ್ಲ. ನೆಮ್ಮದಿ. ಇನ್ನು ಯಾರಿಗೂ ಏನೂ ಕಾಣುವುದಿಲ್ಲ ಎಂಬ ನೆಮ್ಮದಿ.

ಅಕ್ಕಿ ಡಬ್ಬಿಯ ಪೆನ್ ಡ್ರೈವು ಸುರಕ್ಷಿತವಾಗಿತ್ತು. ಅದರಲ್ಲಿ ಯುಗಾದಿಯ ಹಿಂದಿನವರೆಗಿನದು ಮಾತ್ರ ಇತ್ತು. ಕಂಪನಿಯ ಮೇಡಂ ಬಂದು ಮಶೀನು ಬಿಚ್ಚಿ, ಒಳಗಿನ ನೀರು ನೋಡಿ, ಆ ಪಡಸಾಲೆಯನ್ನು ನೋಡಿ, ನನ್ನನ್ನು ನೋಡಿದರು. "ಇಲ್ಲಿ ಇಟ್ಟಿದ್ರಿ?" ಎಂದಷ್ಟೇ ಕೇಳಿದರು. ಡಿಸ್ಕಿನಿಂದಲೂ ಏನೂ ಹೊರಡಲಿಲ್ಲ.

ಮುಕಾದಮ ಬಾಗಿಲಲ್ಲೇ ನಿಂತಿದ್ದ. "ಅಳಿಯ ಸತ್ತ್ನೇನೋ ತಮ್ಮಾ?" ಎಂದ. ಹೌದೆಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ನಾನು ಏನಾದರೂ ಹೇಳುತ್ತೇನೆಂದು ಕಾದಿರಬೇಕು. ನಾನು ಕರವಸ್ತ್ರ ಮಡಚಿದೆ. ಅವನು ಕೋಟು ಬಿಚ್ಚಿ ಗೂಟಕ್ಕೆ ಹಾಕಿ ಗೇಟು ದಾಟಿದ. ಸಾವಕಾರರು ಹೋಗೆನ್ನಲಿಲ್ಲ, ಇರೆನ್ನಲೂ ಇಲ್ಲ. ಆ ಹೆಣ್ಣುಮಗಳನ್ನು ಏನೋ ಹೇಳಿ ಸಮಾಧಾನ ಮಾಡಿ ಕಳಿಸಿದರು.

ಮುಂದಿನ ಮೂರು ವಾರ ಯಾರ ಮಾಲು ಎಲ್ಲಿದೆ ಎಂದು ನಾವು ಟಾರ್ಚು ಹಿಡಿದು ಥಪ್ಪಿ ಥಪ್ಪಿ ಹುಡುಕಿದೆವು. ಬಾಗಿಲವರೆಗೆ ತುಂಬಿದ್ದ ಒಂದನೇ ಖೋಲಿಯಲ್ಲಿ ಮಾತ್ರ ಮುಂದಿನ ಸಾಲು ದಾಟಲಾಗಲಿಲ್ಲ. ಕೈ ಸೋತ ಹಮಾಲನೊಬ್ಬ ನನಗೆ ಕೇಳುವಂತೆಯೇ, "ಕಾಕಾ ಇದ್ದಿದ್ರ ತಂಬಾಕು ತಿಕ್ಕೂದ್ರಾಗ ಹೇಳ್ತಿದ್ದ" ಎಂದ.

ಕ್ಲೌಡ್ ಬಂತು. ಈ ಸಲ ನನ್ನ ಹಾಳೆಯನ್ನು ಯಾರೂ ಕೇಳಲಿಲ್ಲ. ಅದರ ಗುಣವನ್ನು ಗುಣವೆಂದೇ ಹೇಳಬೇಕು: ಮೇಡಂ ಹೇಳಿದ್ದೆಲ್ಲ ಖರೆಯಾಯಿತು. ತಿಕೋಟಾದ ಗುಮಾಸ್ತ ಅಲ್ಲಿ ಡಬ್ಬಿ ಬರೆದರೆ ಲಾರಿ ಊರು ಬಿಡುವ ಮೊದಲೇ ಇಲ್ಲಿ ಕಾಣುತ್ತದೆ. ಬಬಲೇಶ್ವರಕ್ಕೆ ಫೋನು ಮಾಡಿ ಕಿವಿ ಬಿಸಿ ಮಾಡಿಕೊಳ್ಳುವುದಿಲ್ಲ. ಆ ಫೋನು ಇಲ್ಲದಿದ್ದರೆ ಅಂದು ನಾನು ಮುಕಾದಮನ ಮಾತನ್ನು ಕಿವಿಯಿಂದ ಕೇಳುತ್ತಿದ್ದೆ. ಒಂದು ದಿನ ಇಡೀ ಊರಿಗೆ ಕರೆಂಟಿಲ್ಲದಾಗ ಹಮಾಲನೊಬ್ಬನ ಮೊಬೈಲಿನಲ್ಲೇ ಲಾಟು ಹುಡುಕಿ ಮಾಲು ಕಳಿಸಿದೆವು. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಯಾರು, ಯಾವಾಗ, ಏನು ಬರೆದರು, ಏನು ತಿದ್ದಿದರು ಎಲ್ಲ ಹೆಸರು ಸಮೇತ ಉಳಿಯುತ್ತದೆ. ನಾನು ಪ್ಲಗ್ಗು ಕಿತ್ತರೂ ಉಳಿಯುತ್ತದೆ. ಮೊದಲೇ ತಂದಿದ್ದರೆ ಆ ಎರಡು ನಿಮಿಷದ ಕೆಲಸವನ್ನು ಯಾರಾದರೂ, ಎಲ್ಲಿಂದಾದರೂ ಮಾಡಬಹುದಿತ್ತು. ನನ್ನ ಅಪ್ಪಣೆ ಬೇಕಿರಲಿಲ್ಲ.

ದಸರೆ ಕಳೆದ ಮೇಲೆ ದೀಪಾವಳಿಯ ಬೇಡಿಕೆಗೆ ಒಂದನೇ ಖೋಲಿ ಖಾಲಿಯಾಗುತ್ತ ಬಂತು. ಹಿಂದಿನ ಗೋಡೆಗೆ, ಬಲಕ್ಕೆ, ಅರವತ್ತು ಡಬ್ಬಿ. ಬಣ್ಣವೂ ಕೆಟ್ಟಿರಲಿಲ್ಲ. ಸಾವಕಾರರು ನೋಡಿ, "ಸಿಕ್ಕ್ವಲ್ಲ, ಬಿಡ್ರಿ. ಆ ಹೆಣ್ಮಗಳಿಗೆ ಫೋನ್ ಮಾಡ್ರಿ. ಮುಕಾದಮಗೂ ಬಾ ಅನ್ರಿ" ಎಂದರು. ಕಳೆದುಹೋಗಿದ್ದ ಕೊಡೆ ಸಿಕ್ಕಂತೆ.

ಮರುದಿನವೇ ಕಾಖಂಡಕಿಗೆ ಹೋದೆ. ಮುಕಾದಮ ಮನೆಯ ಮುಂದೆ ಆಡುಗಳಿಗೆ ಸೊಪ್ಪು ಹಾಕುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. "ಬರ್ರಿ ಸಾಹೇಬ್ರ, ಕುಂಡ್ರಿ" ಎಂದ. ತಮ್ಮಾ ಎನ್ನಲಿಲ್ಲ.

"ಡಬ್ಬಿ ಸಿಕ್ಕ್ವು ಕಾಕಾ. ನೀ ಹೇಳಿದಲ್ಲೇ ಇದ್ವು."

"ಅವು ಅಲ್ಲೇ ಇದ್ವಲ್ರಿ. ಎಲ್ಲಿ ಹೋಗ್ತಾವ?" ಎಂದ. ಆಡೊಂದನ್ನು ಪಕ್ಕಕ್ಕೆ ತಳ್ಳಿದ. "ಬಸ್ಸಿನ್ಯಾಗ ಕುಂತ್ರ ಸಣ್ಣ ಸಣ್ಣ ಹುಡುಗ್ರು ಕೇಳ್ತಾವ, ಕಾಕಾ, ಒಂದು ಮುಟಿಗಿ ದ್ರಾಕ್ಷಿ ಕೊಡು ಅಂತ. ನನ್ನ ಅಳಿಯ, ಖರೇ ಅಳಿಯ, ಅವನೂ ಒಮ್ಮೆ ಕೇಳ್ದ. ಚ್ಯಾಷ್ಟಿಗೆ ಅಂತ ಅಂದ. ಆತು ಬಿಡ್ರಿ."

"ಸಾವಕಾರ್ರು ಬಾ ಅಂದಾರ."

"ಏನ ಅಂದ್ರು? ತಪ್ಪು ಯಾರದಾತು ಅಂದ್ರು?"

"ಮಶೀನಿನ್ಯಾಗ ಎಲ್ಲಾ ಬರದಿತ್ತು ಕಾಕಾ" ಎಂದೆ. "ಅದು ಸುಟ್ಟು ಹೋತಲ್ಲ, ನಾ ಏನ ಮಾಡ್ಲಿ?"

"ಮಶೀನು ಸತ್ತಿತ್ರಿ ಸಾಹೇಬ್ರ" ಎಂದ, ಬಹಳ ಮೆತ್ತಗೆ. "ನೀವು ಸತ್ತಿದ್ದಿಲ್ಲಲ್ಲ."

ಅವನ ಹೆಂಡತಿ ಚಹಾ ತಂದಳು. ಕುಡಿದೆ. ಕುಡಿಯದೆ ಎದ್ದು ಬರುವಷ್ಟು ಧೈರ್ಯವೂ ನನಗಿರಲಿಲ್ಲ.

ಸೊಲ್ಲಾಪುರ ರಸ್ತೆಗೆ ಬಂದವನೇ ಕಂಪ್ಯೂಟರ್ ತೆರೆದು, ಆ ಅರವತ್ತು ಡಬ್ಬಿಯ ಲಾಟಿನ ಮುಂದೆ ಷರಾ ಬರೆಯುವ ಜಾಗದಲ್ಲಿ ಬರೆದೆ: "ಈ ಮಾಲು ಮೊದಲಿನಿಂದಲೂ ಒಂದನೇ ಖೋಲಿಯಲ್ಲಿತ್ತು. ಲಾರಿ ಬರುವ ಮೊದಲೇ ಮೂರು ಎಂದು ಬರೆದವನು ನಾನು. ಮುಕಾದಮ ತಿದ್ದಲು ಹೇಳಿದ್ದ. ನಾನು ತಿದ್ದಲಿಲ್ಲ, ಕೇಳಿದಾಗ ಹೇಳಲೂ ಇಲ್ಲ." ಉಳಿಸು ಎಂಬುದನ್ನು ಒತ್ತಿದೆ. ಪಕ್ಕದಲ್ಲಿ ನನ್ನ ಹೆಸರೂ ಹೊತ್ತೂ ತಾವಾಗಿ ಬಂದು ಕೂತವು.

ಐದು ನಿಮಿಷಕ್ಕೆ ತಿಕೋಟಾದ ಗುಮಾಸ್ತನ ಫೋನು. "ಸರ, ಇದೇನ ಬರದೀರಿ? ಇಲ್ಲಿ ಎಲ್ಲಾರೂ ಓದಾಕತ್ತಾರ. ಅಳಸ್ರಿ."

"ಅಳಿಸಾಕ ಬರೂದಿಲ್ಲ. ತಿದ್ದಬೌದು. ತಿದ್ದಿದ್ರ ತಿದ್ದಿದ್ದೂ ಕಾಣ್ತೈತಿ."

ಆಮೇಲೆ ಸಾವಕಾರರು. ಯಾವುದೋ ಮದುವೆಯಲ್ಲಿದ್ದರು, ಹಿಂದೆ ಬ್ಯಾಂಡಿನ ಸದ್ದು ಕೇಳುತ್ತಿತ್ತು. "ಏನ್ರಿ ಮಾಡೀರಿ? ತಲಿ ಕೆಟ್ಟೈತೇನು? ಮೂರೂ ಕಡೆ ಮಂದಿ ನೋಡ್ತಾರ ಅದನ್ನ!"

"ಅದಕ್ಕಽ ತಗೊಂಡೇವಲ್ರಿ ಸಾವಕಾರ್ರ" ಎಂದೆ.

ಬೈಗಳ ಬಿತ್ತು. ಮುಕಾದಮ ಹೇಳಿದ್ದಂತೆ ಒಂದೇ ಬೈಗಳ. ಬ್ಯಾಂಡಿನ ಮಧ್ಯೆ ಅರ್ಧ ಕೇಳಿಸಲೂ ಇಲ್ಲ. ಇದಕ್ಕೇ ನಾನು ಅಮಾಸಿಯ ನೆಪ ಹೇಳಿದ್ದು.

ಮುಕಾದಮ ಬರಲಿಲ್ಲ. ಷರಾದ ಸುದ್ದಿ ಬಬಲೇಶ್ವರದಿಂದ ಕಾಖಂಡಕಿಗೆ ಮುಟ್ಟಿತಂತೆ. ಅಲ್ಲಿನ ಗುಮಾಸ್ತನೇ ಫೋನಿನಲ್ಲಿ ಓದಿ ಹೇಳಿದನಂತೆ. ಮುಕಾದಮ ಕೇಳಿ, ಇನ್ನೊಮ್ಮೆ ಓದು ಅಂದನಂತೆ. ಅವನ ಕೋಟು ಇನ್ನೂ ಗೂಟದಲ್ಲಿದೆ. ಹೊಸ ಮುಕಾದಮನಿಗೆ ಅದು ಬಿಗಿಯಾಗುತ್ತದೆ.